ಎರಡು ಪ್ರಾದೇಶಿಕ ವಿಮಾನ ನಿಲ್ದಾಣಗಳ ನಡುವೆ ದೂರ ಎಷ್ಟು, ಹಾರಾಟ ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿಕೊಳ್ಳುವ ವಿಧಾನ

ಎರಡು ಊರುಗಳ ಹೆಸರು ಹಾಕಿ ಹುಡುಕಿದರೆ ದೂರವೂ ಹಾರಾಟದ ಸಮಯವೂ ಕ್ಷಣದಲ್ಲಿ ಸಿಗುತ್ತವೆ. ದೂರದ ಅಂಕಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಸಮಯದ ಅಂಕಿಯನ್ನು ಮಾತ್ರ ನಂಬಿ ಕೂರುವಂತಿಲ್ಲ. ಇಂಥ ಎಷ್ಟೋ ಪುಟಗಳು ದೂರವನ್ನು ಗಂಟೆಗೆ 800 ಕಿ.ಮೀ. ಆಸುಪಾಸಿನ ಒಂದು ವೇಗದಿಂದ ಭಾಗಿಸಿ, ಅದಕ್ಕೆ ಅರ್ಧ ಗಂಟೆ ಸೇರಿಸಿ ಉತ್ತರ ಕೊಟ್ಟುಬಿಡುತ್ತವೆ. ಮೂರು-ನಾಲ್ಕು ಗಂಟೆಯ ಹಾರಾಟಕ್ಕೆ ಈ ಲೆಕ್ಕ ನಡೆದೀತು. 200ರಿಂದ 600 ಕಿ.ಮೀ. ಒಳಗಿನ ಪ್ರಾದೇಶಿಕ ಮಾರ್ಗಗಳಿಗೆ ನಡೆಯುವುದಿಲ್ಲ. ಅಲ್ಲಿ ಹಾರುವ ವಿಮಾನವೇ ಬೇರೆ. ಜೊತೆಗೆ, ದೂರ ಎಷ್ಟೇ ಇರಲಿ ಖರ್ಚಾಗಿಯೇ ತೀರುವ ಕೆಲವು ನಿಮಿಷಗಳಿವೆ; ಚಿಕ್ಕ ಮಾರ್ಗದಲ್ಲಿ ಒಟ್ಟು ಸಮಯದ ದೊಡ್ಡ ಪಾಲನ್ನು ಅವೇ ನುಂಗಿಬಿಡುತ್ತವೆ.

ಲೆಕ್ಕ ಕಣ್ಣಿಗೆ ಕಾಣಲು ಒಂದೇ ಜೋಡಿಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಉತ್ತರ ನಾರ್ವೆಯ ಬೋಡೊ ಮತ್ತು ಟ್ರೋಮ್ಸೊ. ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ ವಿಮಾನ) ಮತ್ತು ಜೆಟ್ ಎರಡೂ ಹಾರುವ ಮಾರ್ಗ ಇದು. ಎರಡೂ ಊರುಗಳು ಉತ್ತರ ಧ್ರುವ ವೃತ್ತದಿಂದಾಚೆ ಇರುವುದರಿಂದ, ದೂರದ ಲೆಕ್ಕದಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲಿ ದೊಡ್ಡದಾಗಿ ಎದ್ದು ಕಾಣುತ್ತದೆ.

ಹಂತ 1: ಊರಲ್ಲ, ನಿಲ್ದಾಣ ಯಾವುದು ಎಂದು ಖಚಿತಪಡಿಸಿಕೊಳ್ಳಿ

ಊರಿನ ಹೆಸರಿನಿಂದ ಹುಡುಕಬೇಡಿ, ಕೋಡ್‌ನಿಂದ ಹುಡುಕಿ. ಟಿಕೆಟ್ ಮೇಲಿರುವ ಮೂರಕ್ಷರದ ಕೋಡ್ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘಟನೆ ಐಎಟಿಎ ಕೊಟ್ಟದ್ದು. ಪೈಲಟ್‌ಗಳೂ ವಾಯುಸಂಚಾರ ನಿಯಂತ್ರಕರೂ ಬಳಸುವ ನಾಲ್ಕಕ್ಷರದ್ದು ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒದ ಕೋಡ್. ಬೋಡೊಗೆ ಬಿಒಒ ಮತ್ತು ಇಎನ್‌ಬಿಒ, ಟ್ರೋಮ್ಸೊಗೆ ಟಿಒಎಸ್ ಮತ್ತು ಇಎನ್‌ಟಿಸಿ. ನಾಲ್ಕಕ್ಷರದ ಕೋಡ್‌ನಲ್ಲಿ ಮೊದಲ ಅಕ್ಷರಗಳು ಪ್ರದೇಶವನ್ನೋ ದೇಶವನ್ನೋ ಸೂಚಿಸುವುದರಿಂದ, ಬೇರೆ ಖಂಡದ ನಿಲ್ದಾಣ ನುಸುಳಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೆಸರಿನ ಗೊಂದಲ ಸಣ್ಣದೇನಲ್ಲ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಇದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಪೋರ್ಟ್‌ಲ್ಯಾಂಡ್ ಅಮೆರಿಕದ ಪಶ್ಚಿಮ ತೀರದಲ್ಲೊಂದು, ಪೂರ್ವ ತೀರದಲ್ಲೊಂದು. ಸಿಡ್ನಿ ಆಸ್ಟ್ರೇಲಿಯಾದಲ್ಲಷ್ಟೇ ಅಲ್ಲ, ಕೆನಡಾದ ನೋವಾ ಸ್ಕೋಷಿಯಾದಲ್ಲೂ ಇದೆ. ಪ್ರಾದೇಶಿಕ ಮಾರ್ಗವೊಂದಕ್ಕೆ 4,000 ಕಿ.ಮೀ. ಎಂಬ ಉತ್ತರ ಬಂದರೆ ಮೊದಲು ಕೋಡ್ ನೋಡಿ.

ಹಂತ 2: ನೇರ ದೂರ ಕಂಡುಹಿಡಿಯಿರಿ

ವಿಮಾನಯಾನದಲ್ಲಿ ನೇರ ದೂರ ಎಂದರೆ ಭೂಗೋಳದ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರ. ಇದಕ್ಕೆ ಗ್ರೇಟ್ ಸರ್ಕಲ್ ದೂರ ಎನ್ನುತ್ತಾರೆ. ಲೆಕ್ಕಕ್ಕೆ ಬೇಕಾಗಿರುವುದು ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶ, ಅಷ್ಟೇ. ಊರಿನ ಮಧ್ಯಭಾಗದ್ದಲ್ಲ, ನಿಲ್ದಾಣದ್ದು.

ಬೋಡೊ: 67°16′09″ ಉತ್ತರ, 14°21′55″ ಪೂರ್ವ.
ಟ್ರೋಮ್ಸೊ: 69°41′00″ ಉತ್ತರ, 18°55′08″ ಪೂರ್ವ.

ಮೊದಲು ಇವನ್ನು ದಶಮಾಂಶಕ್ಕೆ ತನ್ನಿ. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿದರೆ ಬೋಡೊ 67.2692, 14.3653 ಎಂದೂ ಟ್ರೋಮ್ಸೊ 69.6833, 18.9189 ಎಂದೂ ಬರುತ್ತದೆ. 69°41′ ಎಂಬುದನ್ನು ಹಾಗೇ 69.41 ಎಂದು ಟೈಪ್ ಮಾಡುವುದು ಬಹಳ ಜನ ಮಾಡುವ ತಪ್ಪು. ಅಷ್ಟಕ್ಕೇ ನಿಲ್ದಾಣ ನಕ್ಷೆಯ ಮೇಲೆ 30 ಕಿ.ಮೀ. ದಕ್ಷಿಣಕ್ಕೆ ಜಾರಿಬಿಡುತ್ತದೆ. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಮೈನಸ್ ಚಿಹ್ನೆ ಹಾಕುವುದು ಮರೆತರಂತೂ ನಿಲ್ದಾಣ ಇನ್ನೊಂದು ಖಂಡಕ್ಕೇ ಹೋಗಿ ಕೂರುತ್ತದೆ.

ಈಗ ಕ್ಯಾಲ್ಕುಲೇಟರ್ ಹಿಡಿದು ಮಾಡಬಹುದಾದ ಸರಳ ಲೆಕ್ಕ ನೋಡಿ.

ಅಕ್ಷಾಂಶಗಳ ವ್ಯತ್ಯಾಸ 2.4141 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಎಲ್ಲಿಯಾದರೂ ಸುಮಾರು 111.2 ಕಿ.ಮೀ. ಆದ್ದರಿಂದ ಉತ್ತರ-ದಕ್ಷಿಣ ದೂರ 268.4 ಕಿ.ಮೀ.

ರೇಖಾಂಶಗಳ ವ್ಯತ್ಯಾಸ 4.5536 ಡಿಗ್ರಿ. ಇಲ್ಲಿ ಎಚ್ಚರ ಬೇಕು. ರೇಖಾಂಶದ ಒಂದು ಡಿಗ್ರಿ ಸಮಭಾಜಕ ವೃತ್ತದ ಮೇಲೆ ಸುಮಾರು 111 ಕಿ.ಮೀ. ಇದ್ದದ್ದು, 60 ಡಿಗ್ರಿ ಅಕ್ಷಾಂಶಕ್ಕೆ ಬರುವಾಗ ಅರ್ಧಕ್ಕೆ ಇಳಿಯುತ್ತದೆ, ಧ್ರುವದಲ್ಲಿ ಸೊನ್ನೆಯಾಗುತ್ತದೆ. ಹಾಗಾಗಿ 111.2ನ್ನು ಎರಡೂ ಸ್ಥಳಗಳ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮ ಸರಾಸರಿ 68.476 ಡಿಗ್ರಿ, ಅದರ ಕೊಸೈನ್ 0.3669. 4.5536 × 111.2 × 0.3669 = 185.8 ಕಿ.ಮೀ. ಇದು ಪೂರ್ವ-ಪಶ್ಚಿಮ ದೂರ.

ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 326 ಕಿ.ಮೀ. ಕೊಸೈನ್ ಬಿಟ್ಟು ಲೆಕ್ಕ ಹಾಕಿದ್ದರೆ ಇದೇ ಉತ್ತರ 573 ಕಿ.ಮೀ. ಆಗುತ್ತಿತ್ತು. ಸಮಭಾಜಕದ ಹತ್ತಿರದ ಊರುಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅದು ಅಭ್ಯಾಸವಾಗಿ ಉಳಿದುಬಿಡುತ್ತದೆ.

ಪ್ರಾದೇಶಿಕ ದೂರಗಳಿಗೆ ಈ ಸರಳ ವಿಧಾನ ಧಾರಾಳವಾಗಿ ಸಾಕು. ಗೋಳದ ಪೂರ್ಣ ಸೂತ್ರದಿಂದ ಮಾಡಿದರೂ ಇಲ್ಲಿ ಬರುವುದು 326 ಕಿ.ಮೀ.ಯೇ. ನಿಲ್ದಾಣಗಳು ಸಾವಿರಾರು ಕಿ.ಮೀ. ದೂರವಿದ್ದರೆ ಮಾತ್ರ ಪೂರ್ಣ ಸೂತ್ರಕ್ಕೆ ಹೋಗಿ. ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅದಕ್ಕೆ ಎರಡೂ ಅಕ್ಷಾಂಶಗಳ ಕೊಸೈನ್‌ಗಳು ಮತ್ತು ರೇಖಾಂಶ ವ್ಯತ್ಯಾಸದ ಕೊಸೈನ್, ಈ ಮೂರರ ಗುಣಲಬ್ಧವನ್ನು ಕೂಡಿಸಿ. ಬಂದ ಮೊತ್ತದ ವಿಲೋಮ ಕೊಸೈನನ್ನು (ಡಿಗ್ರಿಯಲ್ಲಲ್ಲ, ರೇಡಿಯನ್‌ನಲ್ಲಿ) ತೆಗೆದು ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿ. ಎಕ್ಸೆಲ್‌ನಲ್ಲಿ ಮಾಡುವವರು ಡಿಗ್ರಿಗಳನ್ನು ಮೊದಲು ರೇಡಿಯನ್‌ಗೆ ಬದಲಿಸಬೇಕು. ಇಲ್ಲದಿದ್ದರೆ ಅರ್ಥವಿಲ್ಲದ ಅಂಕಿ ಬರುತ್ತದೆ, ಎಕ್ಸೆಲ್ ಅದನ್ನು ತಪ್ಪು ಎಂದು ಹೇಳುವುದೂ ಇಲ್ಲ.

ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣದಲ್ಲಿ ಎರಡು ಕೋಡ್ ಹಾಕಿದರೂ ನೇರ ದೂರ ಸಿಗುತ್ತದೆ. ಬೇರೆ ಬೇರೆ ಕಡೆ ಒಂದೆರಡು ಕಿ.ಮೀ. ಹೆಚ್ಚುಕಡಿಮೆ ಕಂಡರೆ ಗಾಬರಿ ಬೇಡ. ಭೂಮಿ ಧ್ರುವಗಳ ಬಳಿ ಸ್ವಲ್ಪ ಚಪ್ಪಟೆ. ಸಮಭಾಜಕದ ತ್ರಿಜ್ಯ 6,378 ಕಿ.ಮೀ., ಧ್ರುವದ್ದು 6,357. ಕೆಲವು ಪುಟಗಳು ಈ ಚಪ್ಪಟೆಯನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಇಲ್ಲ. ವ್ಯತ್ಯಾಸ ಶೇ. 0.5ರ ಒಳಗೇ ಇರುತ್ತದೆ.

ಮುಂದಿನ ಲೆಕ್ಕಕ್ಕೆ ಕಿ.ಮೀ.ಯನ್ನು ನಾಟಿಕಲ್ ಮೈಲಿಗೆ ಬದಲಿಸಿಕೊಳ್ಳಿ, ಏಕೆಂದರೆ ವಿಮಾನದ ವೇಗ ನಾಟ್‌ಗಳಲ್ಲಿ, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂದು ಸಿಗುತ್ತದೆ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ನಮ್ಮ 326 ಕಿ.ಮೀ. ಎಂದರೆ 176 ನಾಟಿಕಲ್ ಮೈಲಿ. ಪುಟದಲ್ಲಿ ಬರೀ ಮೈಲಿ ಎಂದಿದ್ದರೆ ಅದು 1.609 ಕಿ.ಮೀ.ಯ ಸಾಮಾನ್ಯ ಮೈಲಿಯೋ, ನಾಟಿಕಲ್ ಮೈಲಿಯೋ ನೋಡಿಕೊಳ್ಳಿ. ಎರಡಕ್ಕೂ ಶೇ. 15ರಷ್ಟು ಅಂತರವಿದೆ.

ಹಂತ 3: ಯಾವ ವಿಮಾನ ಹಾರುತ್ತದೆ ನೋಡಿ

ಟಿಕೆಟ್ ಬುಕ್ ಮಾಡುವ ಪುಟದಲ್ಲಿ ಫ್ಲೈಟ್‌ನ ವಿವರ ತೆರೆದರೆ ವಿಮಾನದ ಮಾದರಿ ಬರೆದಿರುತ್ತದೆ. ಅಂದಾಜಿಗೆ ಈ ಕ್ರೂಸ್ ವೇಗಗಳನ್ನು (ಏರಿ ಮುಗಿದ ಮೇಲೆ ಒಂದೇ ಎತ್ತರದಲ್ಲಿ ಸಾಗುವಾಗಿನ ವೇಗ) ಇಟ್ಟುಕೊಳ್ಳಬಹುದು:

- ಸೆಸ್ನಾ ಕ್ಯಾರವಾನ್, ಟ್ವಿನ್ ಆಟರ್‌ನಂಥ ಪುಟ್ಟ ವಿಮಾನಗಳು: 170ರಿಂದ 185 ನಾಟ್
- ಎಟಿಆರ್ 72, ಎಟಿಆರ್ 42, ಹಳೆಯ ಡ್ಯಾಶ್ 8-100: ಸುಮಾರು 270 ನಾಟ್, ಅಂದರೆ ಗಂಟೆಗೆ 500 ಕಿ.ಮೀ.
- ಡ್ಯಾಶ್ 8-400: 350 ನಾಟ್ ಆಸುಪಾಸು
- ಎಂಬ್ರೇರ್ 190, ಏರ್‌ಬಸ್ 320, ಬೋಯಿಂಗ್ 737: ಎತ್ತರದಲ್ಲಿ ಸುಮಾರು 450 ನಾಟ್

ಒಂದೇ ಮಾರ್ಗದಲ್ಲಿ ಬೆಳಿಗ್ಗೆ ಟರ್ಬೊಪ್ರಾಪ್, ಸಂಜೆ ಜೆಟ್ ಇರುವುದು ಮಾಮೂಲಿ. ಆದ್ದರಿಂದ ನೀವು ಹತ್ತುವ ಫ್ಲೈಟ್ ನಂಬರಿನದ್ದನ್ನೇ ನೋಡಿ.

ಹಂತ 4: ಗಾಳಿಯಲ್ಲಿರುವ ಸಮಯ

ನೇರ ದೂರವನ್ನು ಕ್ರೂಸ್ ವೇಗದಿಂದ ಭಾಗಿಸಿ 60ರಿಂದ ಗುಣಿಸಿ. 270 ನಾಟ್‌ನ ಟರ್ಬೊಪ್ರಾಪ್‌ಗೆ 39 ನಿಮಿಷ ಬರುತ್ತದೆ. ಆದರೆ ಯಾವ ವಿಮಾನವೂ ರನ್‌ವೇಯಿಂದ ರನ್‌ವೇವರೆಗೆ ಕ್ರೂಸ್ ವೇಗದಲ್ಲಿ, ನೇರ ಗೆರೆಯ ಮೇಲೆ ಹಾರುವುದಿಲ್ಲ.

ಮೊದಲನೆಯ ಕಾರಣ ರನ್‌ವೇಯ ದಿಕ್ಕು. ಬೋಡೊದ ರನ್‌ವೇ 07/25. ಎಂದರೆ ಒಂದು ಕಡೆಯಿಂದ ಸುಮಾರು 70 ಡಿಗ್ರಿ, ಇನ್ನೊಂದು ಕಡೆಯಿಂದ 250 ಡಿಗ್ರಿ. ಟ್ರೋಮ್ಸೊ ಇರುವುದು ಸುಮಾರು 35 ಡಿಗ್ರಿ ದಿಕ್ಕಿನಲ್ಲಿ, ಈಶಾನ್ಯಕ್ಕೆ. ವಿಮಾನ ಗಾಳಿಗೆ ಎದುರಾಗಿ ಏರಬೇಕಾದ್ದರಿಂದ, ಪಶ್ಚಿಮದಿಂದ ಗಾಳಿ ಬೀಸುವ ದಿನ ಅದು 250ರ ಕಡೆಗೆ, ಸಮುದ್ರದತ್ತ ಎದ್ದು, ಆಮೇಲೆ 145 ಡಿಗ್ರಿ ತಿರುಗಿಕೊಂಡು ಈಶಾನ್ಯಕ್ಕೆ ಬರಬೇಕು. ಅಷ್ಟೂ ಹೊತ್ತು ಏರುತ್ತಿರುತ್ತದೆಯೇ ಹೊರತು ಟ್ರೋಮ್ಸೊ ಕಡೆಗೆ ಒಂದು ಮೈಲಿಯೂ ಸಾಗಿರುವುದಿಲ್ಲ. ಇಳಿಯುವಲ್ಲೂ ಇದೇ ಕಥೆ. ನೀವು ಬರುವ ದಿಕ್ಕಿನಿಂದಲೇ ರನ್‌ವೇ ಸಿಕ್ಕರೆ ನೇರ ಇಳಿಯಬಹುದು. ಸಿಗದಿದ್ದರೆ ನಿಲ್ದಾಣವನ್ನು ದಾಟಿ ಹೋಗಿ ತಿರುಗಿ ಬರಬೇಕು. 10ರಿಂದ 15 ನಾಟಿಕಲ್ ಮೈಲಿ, ಅಂದರೆ ನಾಲ್ಕರಿಂದ ಆರು ನಿಮಿಷ ಹೆಚ್ಚುತ್ತದೆ. ಸುತ್ತ ಬೆಟ್ಟಗಳಿದ್ದರೆ ಇನ್ನೂ ಸುತ್ತು. ಸೇನೆಯ ನಿರ್ಬಂಧಿತ ವಾಯುಪ್ರದೇಶ ನಡುವೆ ಬಂದರೆ ಅದನ್ನೂ ಬಳಸಿಕೊಂಡು ಹೋಗಬೇಕು.

ಎರಡನೆಯದು ಏರುವುದು ಮತ್ತು ಇಳಿಯುವುದು. ಇಳಿಕೆಗೆ ಪೈಲಟ್‌ಗಳು ಬಳಸುವ ಸುಲಭ ಲೆಕ್ಕವೊಂದಿದೆ: ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ. 20,000 ಅಡಿಯಿಂದ ಇಳಿಯಲು 60, 36,000 ಅಡಿಯಿಂದ ಇಳಿಯಲು 108 ನಾಟಿಕಲ್ ಮೈಲಿ ಬೇಕು. 36,000 ಅಡಿಗೆ ಏರಲು ಜೆಟ್‌ಗೆ ಹೆಚ್ಚುಕಡಿಮೆ ಅಷ್ಟೇ ದೂರ ಬೇಕಾಗುತ್ತದೆ. ನಮ್ಮ ಇಡೀ ಮಾರ್ಗವೇ 176! ಜೆಟ್ ತನಗೆ ಒಗ್ಗುವ ಎತ್ತರಕ್ಕೆ ಹೋಗುವ ಮೊದಲೇ ಇಳಿಯಲು ಶುರುಮಾಡಬೇಕು. ಹಾಗಾಗಿ ಅದನ್ನು ಕೆಳಗಿನ ಎತ್ತರದಲ್ಲೇ ಹಾರಿಸುತ್ತಾರೆ, ಅಲ್ಲಿ ಅದರ ಪೂರ್ಣ ವೇಗ ಸಿಗುವುದಿಲ್ಲ. ಸಾಲದ್ದಕ್ಕೆ ಬಹಳಷ್ಟು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್‌ನ ಮಿತಿಯಿದೆ. ಟರ್ಬೊಪ್ರಾಪ್‌ಗೆ ಆ ಮಿತಿಯಿಂದ ಹೆಚ್ಚೇನೂ ನಷ್ಟವಿಲ್ಲ, ಜೆಟ್ ಮಾತ್ರ ಕಟ್ಟಿಹಾಕಿದಂತಾಗುತ್ತದೆ. ಸಿಗ್ನಲ್‌ಗಳು ತುಂಬಿದ ಊರೊಳಗಿನ ರಸ್ತೆಯಲ್ಲಿ ಕಾರಿನ ಎಂಜಿನ್ ಎಷ್ಟು ದೊಡ್ಡದಾದರೂ ಬೈಕಿಗಿಂತ ಬಹಳ ಮುಂದೆ ಹೋಗಲಾಗದಲ್ಲ, ಹಾಗೆ.

ಇವೆಲ್ಲವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುವ ಅಗತ್ಯವಿಲ್ಲ. ಭಾಗಾಕಾರದಿಂದ ಬಂದ ನಿಮಿಷಗಳಿಗೆ ಟರ್ಬೊಪ್ರಾಪ್ ಆದರೆ 10, ಜೆಟ್ ಆದರೆ 15 ಸೇರಿಸಿ. ಚಿಕ್ಕ ಮಾರ್ಗದ ಜೆಟ್‌ಗೆ ಕ್ರೂಸ್ ವೇಗವನ್ನು 450ರ ಬದಲು 430 ಎಂದು ಹಿಡಿಯಿರಿ.

ಟರ್ಬೊಪ್ರಾಪ್: 39 + 10 = 49 ನಿಮಿಷ.
ಜೆಟ್: 25 + 15 = 40 ನಿಮಿಷ.

ಜೆಟ್‌ನ ಕ್ರೂಸ್ ವೇಗ ಶೇ. 60ರಷ್ಟು ಹೆಚ್ಚು, ಉಳಿಸಿದ್ದು ಒಂಬತ್ತೇ ನಿಮಿಷ. ಇದೇ ಲೆಕ್ಕವನ್ನು 600 ನಾಟಿಕಲ್ ಮೈಲಿಗೆ ಮಾಡಿದರೆ ಟರ್ಬೊಪ್ರಾಪ್‌ಗೆ 143, ಜೆಟ್‌ಗೆ 99 ನಿಮಿಷ ಬರುತ್ತದೆ. ಅಲ್ಲಿ ಜೆಟ್‌ನ ವೇಗ ನಿಜವಾಗಿ ಉಪಯೋಗಕ್ಕೆ ಬರುತ್ತದೆ. 200 ನಾಟಿಕಲ್ ಮೈಲಿಯೊಳಗಿನ ಮಾರ್ಗದಲ್ಲಿ ಬೇಗ ತಲುಪುತ್ತೇವೆ ಎಂಬ ಒಂದೇ ಕಾರಣಕ್ಕೆ ಜೆಟ್ ಹುಡುಕಿಕೊಂಡು ಹೋಗಬೇಡಿ. ನಿಮಗೆ ಹೊಂದುವ ಹೊತ್ತಿನ ಫ್ಲೈಟ್ ಆರಿಸಿಕೊಳ್ಳುವುದೇ ಲಾಭ.

ಗಾಳಿಯ ಲೆಕ್ಕ

ಮೇಲಿನದೆಲ್ಲ ಗಾಳಿಯೇ ಇಲ್ಲ ಎಂದು ಹಿಡಿದದ್ದು. ವಿಮಾನದ ವೇಗಕ್ಕೆ ಹಿಂದಿನಿಂದ ಬೀಸುವ ಗಾಳಿ ಕೂಡುತ್ತದೆ, ಎದುರುಗಾಳಿ ಕಳೆಯುತ್ತದೆ. 270 ನಾಟ್‌ನ ವಿಮಾನಕ್ಕೆ 50 ನಾಟ್ ಎದುರುಗಾಳಿ ಸಿಕ್ಕರೆ ನೆಲದ ಮೇಲಿನ ವೇಗ 220; 176 ನಾಟಿಕಲ್ ಮೈಲಿಗೆ 39ರ ಬದಲು 48 ನಿಮಿಷ. ಅದೇ ಗಾಳಿ ಹಿಂದಿನಿಂದ ಬಂದರೆ 33 ನಿಮಿಷ. ಗಮನಿಸಿ: ಹೋಗುವಾಗ ಕಳೆದುಕೊಂಡದ್ದು 9 ನಿಮಿಷ, ಬರುವಾಗ ಉಳಿಸಿದ್ದು 6. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಎರಡೂ ಸರಿದೂಗುವುದಿಲ್ಲ. ಹೋಗಿಬರುವ ಪ್ರಯಾಣದಲ್ಲಿ ಗಾಳಿ ಯಾವಾಗಲೂ ಒಟ್ಟಾರೆ ನಷ್ಟವೇ.

ನಿಧಾನದ ವಿಮಾನಕ್ಕೆ ಗಾಳಿಯ ಪೆಟ್ಟು ಜೋರು. 175 ನಾಟ್‌ನ ಕ್ಯಾರವಾನ್‌ಗೆ ಅದೇ 50 ನಾಟ್ ಎದುರುಗಾಳಿ ಎಂದರೆ 60 ನಿಮಿಷದ ದಾರಿ 84 ನಿಮಿಷವಾಗುತ್ತದೆ. ಪಕ್ಕದಿಂದ ಬೀಸುವ ಗಾಳಿ ಅಷ್ಟು ಕಾಡುವುದಿಲ್ಲ: 270 ನಾಟ್‌ನ ವಿಮಾನಕ್ಕೆ ನೇರ ಅಡ್ಡಗಾಳಿ 60 ನಾಟ್ ಇದ್ದರೂ ವೇಗ ಇಳಿಯುವುದು 263ಕ್ಕೆ ಮಾತ್ರ.

ಹಂತ 5: ಟಿಕೆಟ್‌ನಲ್ಲಿರುವ ಸಮಯ ಎಲ್ಲಿಂದ ಎಲ್ಲಿಗೆ?

ವೇಳಾಪಟ್ಟಿಯಲ್ಲಿ ಕಾಣುವುದು ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗಿನ ಸಮಯ ಅಲ್ಲ. ವಿಮಾನ ನಿಂತ ಜಾಗ ಬಿಟ್ಟು ಹೊರಟ ಗಳಿಗೆಯಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಂತ ಗಳಿಗೆವರೆಗಿನ ಸಮಯ ಅದು, ಅದಕ್ಕೆ ಬ್ಲಾಕ್ ಟೈಮ್ ಎಂದು ಹೆಸರು. ಗಾಳಿಯಲ್ಲಿದ್ದ ಸಮಯಕ್ಕೆ ನೆಲದ ಮೇಲಿನ ಓಡಾಟ ಕೂಡಬೇಕು. ಸಣ್ಣ ನಿಲ್ದಾಣದಲ್ಲಿ ಹೊರಡುವಾಗ 5ರಿಂದ 10 ನಿಮಿಷ, ಇಳಿದ ಮೇಲೆ 3ರಿಂದ 5. ದೊಡ್ಡ ನಿಲ್ದಾಣದಲ್ಲಿ ಹೊರಡುವ ಸರದಿಗೇ 15ರಿಂದ 25 ನಿಮಿಷ ಹೋಗಬಹುದು.

ಬೋಡೊ-ಟ್ರೋಮ್ಸೊಗೆ ಎರಡೂ ಕಡೆ ಸೇರಿ 9 ನಿಮಿಷ ಹಿಡಿದರೆ ಟರ್ಬೊಪ್ರಾಪ್‌ಗೆ 58, ಜೆಟ್‌ಗೆ 49 ನಿಮಿಷ. ಚಳಿಗಾಲದಲ್ಲಿ ರೆಕ್ಕೆಯ ಮೇಲಿನ ಹಿಮ ಕರಗಿಸಲು ದ್ರವ ಸಿಂಪಡಿಸುವ ದಿನ ಇನ್ನೂ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ.

ವಿಮಾನ ಕಂಪನಿಗಳು ಇದರ ಮೇಲೆ ಸ್ವಲ್ಪ ಹೆಚ್ಚುವರಿ ಸಮಯ ಸೇರಿಸಿಯೇ ವೇಳಾಪಟ್ಟಿ ಮಾಡುತ್ತವೆ. ನಿಗದಿತ ಸಮಯದಿಂದ 15 ನಿಮಿಷದೊಳಗೆ ತಲುಪಿದರೆ ಸಮಯಕ್ಕೆ ಸರಿಯಾಗಿ ಬಂತು ಎಂದು ಎಣಿಸುವುದು ಉದ್ಯಮದ ರೂಢಿ. ಹಾಗಾಗಿ ಟಿಕೆಟ್‌ನ ಅಂಕಿ ನಿಮ್ಮ ಲೆಕ್ಕಕ್ಕಿಂತ 5-10 ನಿಮಿಷ ಹೆಚ್ಚಿದ್ದರೆ ನಿಮ್ಮ ಲೆಕ್ಕ ತಪ್ಪಿಲ್ಲ. 30 ನಿಮಿಷ ಹೆಚ್ಚಿದ್ದರೆ ಮಾತ್ರ ಮತ್ತೆ ನೋಡಿ. ಬಹುಶಃ ಆ ಫ್ಲೈಟ್ ನಡುವೆ ಇನ್ನೊಂದು ಊರಿನಲ್ಲಿ ಇಳಿದು ಹೋಗುತ್ತದೆ. ಪ್ರಾದೇಶಿಕ ಮಾರ್ಗಗಳಲ್ಲಿ ಒಂದೇ ಫ್ಲೈಟ್ ನಂಬರಿನಲ್ಲಿ ಇಂಥ ನಿಲುಗಡೆ ಸಾಮಾನ್ಯ.

ದೂರ ತೀರಾ ಚಿಕ್ಕದಾದಾಗ ಮೇಲಿನ ಯಾವ ಸೂತ್ರವೂ ಕೆಲಸಕ್ಕೆ ಬರುವುದಿಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವಿನ ದೂರ 2.7 ಕಿ.ಮೀ. ಆಸುಪಾಸು. ಲೋಗನ್‌ಏರ್‌ನ ಪುಟ್ಟ ಐಲ್ಯಾಂಡರ್ ವಿಮಾನ ಅದನ್ನು ಎರಡು ನಿಮಿಷದೊಳಗೆ ದಾಟುತ್ತದೆ, ಗಾಳಿ ಅನುಕೂಲವಾದ ದಿನ 53 ಸೆಕೆಂಡಿನಲ್ಲೂ ದಾಟಿದ್ದಿದೆ. ಅಲ್ಲಿ ಕ್ರೂಸ್ ಎಂಬ ಹಂತವೇ ಇಲ್ಲ.

ಹಂತ 6: ನಿಜವಾದ ಹಾರಾಟದ ಜೊತೆ ತಾಳೆ ನೋಡಿ

ಫ್ಲೈಟ್‌ರಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ಫ್ಲೈಟ್ ನಂಬರ್ ಹಾಕಿ ಹಿಂದಿನ ಒಂದು ವಾರದ ದಾಖಲೆ ತೆರೆಯಿರಿ. ಅತಿ ಕಡಿಮೆಯನ್ನೂ ಅತಿ ಹೆಚ್ಚನ್ನೂ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಒಂದು ಸೂಕ್ಷ್ಮ: ಅಲ್ಲಿ ಹಾರಾಟದ ಸಮಯ ಎಂದು ಕಾಣುವುದು ಬಹುತೇಕ ಗಾಳಿಯಲ್ಲಿದ್ದ ನಿಮಿಷಗಳು, ಬ್ಲಾಕ್ ಟೈಮ್ ಅಲ್ಲ. ನಾಲ್ಕನೆಯ ಹಂತದ ಉತ್ತರದ ಜೊತೆ ಅದನ್ನು ಹೋಲಿಸಬೇಕು, ಐದನೆಯದರ ಜೊತೆ ಅಲ್ಲ. ಹಾರಿದ ದಾರಿಯ ಗೆರೆಯನ್ನೂ ನೋಡಿ. ಯಾವ ರನ್‌ವೇ ದಿಕ್ಕು ಸಿಕ್ಕ ದಿನ ಎಷ್ಟು ಸುತ್ತು ಬಿತ್ತು ಎಂಬುದು ಅದರಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ಹಂತ 7: ಗಡಿಯಾರದ ಲೆಕ್ಕ

ಟಿಕೆಟ್ ಮೇಲಿನ ಎರಡೂ ಸಮಯಗಳು ಆಯಾ ಊರಿನ ಸ್ಥಳೀಯ ಸಮಯ. ಒಂದರಿಂದ ಇನ್ನೊಂದನ್ನು ಸುಮ್ಮನೆ ಕಳೆದರೆ ಮೋಸ ಹೋಗುತ್ತೀರಿ. ಸ್ವೀಡನ್ನಿನ ಲೂಲಿಯೊ ಮತ್ತು ಫಿನ್ಲೆಂಡಿನ ಔಲು ಒಂದೇ ಕೊಲ್ಲಿಯ ಎರಡು ದಡಗಳಲ್ಲಿವೆ, ಗಡಿಯಾರದಲ್ಲಿ ಒಂದು ಗಂಟೆಯ ಅಂತರ. ಔಲುವಿನಿಂದ ಪಶ್ಚಿಮಕ್ಕೆ 40 ನಿಮಿಷ ಹಾರಿದರೆ, ಗಡಿಯಾರದ ಪ್ರಕಾರ ಹೊರಟದ್ದಕ್ಕಿಂತ 20 ನಿಮಿಷ ಮೊದಲೇ ಇಳಿದಿರುತ್ತೀರಿ.

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ನಿಲ್ದಾಣದ ರನ್‌ವೇ ಎರಡು ರಾಜ್ಯಗಳ ಗಡಿಯ ಮೇಲೇ ಇದೆ. ಅಲ್ಲಿ ನಡೆಯುವುದು ಕ್ವೀನ್ಸ್‌ಲ್ಯಾಂಡ್ ಸಮಯ, ಬೇಸಿಗೆಯಲ್ಲೂ ಬದಲಾಗುವುದಿಲ್ಲ. ಪಕ್ಕದ ನ್ಯೂ ಸೌತ್ ವೇಲ್ಸ್ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದು ಗಂಟೆ ಮುಂದಿಟ್ಟುಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಎರಡು ರಾಜ್ಯಗಳ ನಿಲ್ದಾಣಗಳ ನಡುವೆ ಲೆಕ್ಕ ಹಾಕುವವರು ದಿನಾಂಕ ನೋಡಿಯೇ ಮುಂದುವರಿಯಬೇಕು.

ದಿನಾಂಕವೇ ಬದಲಾಗುವ ಮಾರ್ಗ ಬೇಕಿದ್ದರೆ ಸಮೋವಾದ ಅಪಿಯಾ ಮತ್ತು ಅಮೆರಿಕನ್ ಸಮೋವಾದ ಪಾಗೊ ಪಾಗೊ. 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು ಸಮೋವಾ ದಿನಾಂಕ ರೇಖೆಯ ಇನ್ನೊಂದು ಬದಿಗೆ ಹೋಯಿತು. ಈಗ ಎರಡೂ ಕಡೆ ಗಡಿಯಾರ ಒಂದೇ ಸಮಯ ತೋರಿಸುತ್ತದೆ, ದಿನಾಂಕದಲ್ಲಿ ಮಾತ್ರ 24 ಗಂಟೆಯ ವ್ಯತ್ಯಾಸ. ಅಪಿಯಾದಿಂದ ಹೊರಟವರು ಒಂದು ಗಂಟೆಯೊಳಗೆ ಹಿಂದಿನ ದಿನಕ್ಕೆ ತಲುಪುತ್ತಾರೆ. ಇಂಥಲ್ಲಿ ಹೋಟೆಲ್ ಬುಕ್ ಮಾಡುವಾಗ ತಪ್ಪಾಗುವುದು ಸುಲಭ, ತಾರೀಖನ್ನು ಎರಡು ಸಲ ನೋಡಿ. ಎಲ್ಲ ಮಾರ್ಗಗಳಿಗೂ ಸರಿಹೋಗುವ ದಾರಿ ಒಂದೇ: ಎರಡೂ ಸಮಯಗಳನ್ನು ಯುಟಿಸಿಗೆ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಬದಲಿಸಿ, ಆಮೇಲೆ ಕಳೆಯಿರಿ.

ನೇರ ಫ್ಲೈಟ್ ಇಲ್ಲದಿದ್ದರೆ

ಪ್ರಾದೇಶಿಕ ನಿಲ್ದಾಣಗಳ ಎಷ್ಟೋ ಜೋಡಿಗಳಿಗೆ ನೇರ ಫ್ಲೈಟೇ ಇರುವುದಿಲ್ಲ. ದೊಡ್ಡ ನಿಲ್ದಾಣವೊಂದರಲ್ಲಿ ಇಳಿದು ಬದಲಿಸಬೇಕು. ಆಗ ಎರಡು ಊರುಗಳ ನೇರ ದೂರ ಸಮಯದ ಬಗ್ಗೆ ಏನೂ ಹೇಳುವುದಿಲ್ಲ. ಪ್ರತಿ ಹಾರಾಟಕ್ಕೂ ಬೇರೆ ಬೇರೆಯಾಗಿ ಹಂತ 2ರಿಂದ 5ರವರೆಗೆ ಮಾಡಿ, ನಡುವಿನ ಕಾಯುವಿಕೆಯನ್ನು ಕೂಡಿಸಿ. ಏರುವ, ಇಳಿಯುವ, ನೆಲದ ಮೇಲೆ ಓಡಾಡುವ ನಿಮಿಷಗಳು ಎರಡು ಸಲ ಬರುತ್ತವೆ. 300 ಕಿ.ಮೀ. ದೂರದ ಊರಿಗೆ ಹೀಗೆ ಸುತ್ತಿ ಹೋಗುವುದಕ್ಕಿಂತ ರೈಲು ಅಥವಾ ರಸ್ತೆ ಬೇಗ ಆಗುವುದು ಅಪರೂಪವಲ್ಲ.

ನೇರ ದೂರಕ್ಕೆ ಆಗಲೂ ಬೆಲೆ ಇರುವ ಒಂದು ಜಾಗವಿದೆ. ವಿಳಂಬದ ಪರಿಹಾರಕ್ಕೆ ಸಂಬಂಧಿಸಿದ ಯುರೋಪಿಯನ್ ಒಕ್ಕೂಟದ 261/2004 ನಿಯಮ ದೂರವನ್ನು ಅಳೆಯುವುದು ಗ್ರೇಟ್ ಸರ್ಕಲ್ ವಿಧಾನದಲ್ಲಿ. ಒಂದೇ ಬುಕಿಂಗ್‌ನಲ್ಲಿ ವಿಮಾನ ಬದಲಿಸಿದ್ದರೂ ಲೆಕ್ಕಕ್ಕೆ ಬರುವುದು ಮೊದಲ ಊರಿನಿಂದ ಕೊನೆಯ ಊರಿಗಿರುವ ನೇರ ದೂರ, ಸುತ್ತಿ ಹಾರಿದ್ದಲ್ಲ ಎಂದು ಒಕ್ಕೂಟದ ನ್ಯಾಯಾಲಯ 2017ರಲ್ಲಿ ಹೇಳಿದೆ. ತಲುಪಿದ ಸಮಯ ಯಾವುದು ಎಂಬುದನ್ನು ಅದೇ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿತ್ತು: ಚಕ್ರ ನೆಲ ಮುಟ್ಟಿದ್ದೂ ಅಲ್ಲ, ವಿಮಾನ ಬಂದು ನಿಂತದ್ದೂ ಅಲ್ಲ, ಪ್ರಯಾಣಿಕರು ಇಳಿಯಲು ಕನಿಷ್ಠ ಒಂದು ಬಾಗಿಲು ತೆರೆದ ಗಳಿಗೆ. ವಿಳಂಬ ಪರಿಹಾರಕ್ಕೆ ಬೇಕಾದ ಮೂರು ಗಂಟೆಯ ಗಡಿಯ ಹತ್ತಿರ ಬಂದಿದ್ದರೆ, ಬಾಗಿಲು ತೆರೆದಾಗ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಬದಲಿಸುವ ನಿಲ್ದಾಣದಲ್ಲಿ ಎರಡು ಫ್ಲೈಟ್‌ಗಳ ನಡುವೆ ಕನಿಷ್ಠ ಎಷ್ಟು ಸಮಯ ಬೇಕೆಂದು ಮೊದಲೇ ಗೊತ್ತುಪಡಿಸಿರುತ್ತಾರೆ, ಒಂದೇ ಟಿಕೆಟ್‌ನಲ್ಲಿ ಬುಕ್ ಮಾಡಿದರೆ ವ್ಯವಸ್ಥೆ ಅದಕ್ಕಿಂತ ಕಡಿಮೆ ಬಿಡುವುದಿಲ್ಲ. ಎರಡು ಬೇರೆ ಟಿಕೆಟ್ ಕೊಂಡವರಿಗೆ ಆ ರಕ್ಷಣೆ ಇಲ್ಲ: ಲಗೇಜ್ ಹೊರಗೆ ತೆಗೆದು ಮತ್ತೆ ಚೆಕ್-ಇನ್ ಮಾಡಬೇಕು, ಮೊದಲ ಫ್ಲೈಟ್ ತಡವಾದರೆ ಎರಡನೆಯದು ಕಾಯುವುದಿಲ್ಲ. ಅಂಥವರು ನಡುವೆ ಕನಿಷ್ಠ ಎರಡೂವರೆ ಗಂಟೆ ಬಿಟ್ಟುಕೊಳ್ಳಿ. ಎರಡನೆಯದು ಆ ದಿನದ ಕೊನೆಯ ಫ್ಲೈಟ್ ಆಗಿದ್ದರೆ ಅದಕ್ಕಿಂತ ಹಿಂದಿನದನ್ನು ಹಿಡಿಯಿರಿ.